ಬಣ್ಣ ಬದಲಾಗದ ನೀರು, ಕಣ್ಣಿಗೆ ಕಾಣದ ರೋಗ

ನಮ್ಮ ಬೆಳಗೊಳದ ಕಡೆ ನೀರಿಗೆ ಬರವಿಲ್ಲ. ಕನ್ನಂಬಾಡಿ ಕಟ್ಟೆ ಕೆಲವೇ ಮೈಲಿ ದೂರದಲ್ಲಿದೆ. ಕಾವೇರಿ ಪಕ್ಕದಲ್ಲೇ ಹರಿಯುತ್ತದೆ. ರಜೆ ಬಂತೆಂದರೆ ಬಲಮುರಿಯಲ್ಲಿ ಮಕ್ಕಳನ್ನು ನೀರಿಗಿಳಿಸುವ ಜನರ ಜಾತ್ರೆ. ಮೈಸೂರು ನಗರ ಕುಡಿಯುವ ನೀರಿನ ಒಂದು ಪಾಲು ಕೂಡ ನಮ್ಮ ತಾಲೂಕಿನ ಬೆಳಗೊಳ, ಹೊಂಗಳ್ಳಿ, ಮೇಳಾಪುರಗಳಿಂದಲೇ ಹೋಗುತ್ತದೆ.

ಒಂದು ಸಂಜೆ ಮದ್ರಸದಲ್ಲಿ ಹೆಣ್ಣು ಮಕ್ಕಳಿಗೆ ತಹಾರತ್‌ನ ಪಾಠ ಮಾಡುತ್ತಿದ್ದೆ. ಹರಿಯುವ ನೀರಿಗೆ ಅಶುದ್ಧಿ ಬಿದ್ದರೂ ಅದರ ಬಣ್ಣ, ವಾಸನೆ, ರುಚಿ ಇವುಗಳಲ್ಲಿ ಒಂದಾದರೂ ಬದಲಾಗುವವರೆಗೆ ಆ ನೀರು ಪಾಕ್ ಎಂದು ವಿವರಿಸಿದೆ. ಐದನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಆಪಾ, ಹಾಗಾದರೆ ನಾಲೆಯ ನೀರು ಪಾಕ್ ತಾನೇ? ಮತ್ತೆ ಕುಡಿಯಬೇಡ ಅಂತ ಅಮ್ಮಿ ಯಾಕೆ ಬೈತಾರೆ?" ಎಂದು ಕೇಳಿದಳು.

ಸಹೋದರಿಯರೇ, ಆ ಪುಟ್ಟ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ವುಝೂ ಮಾಡಲು ಯೋಗ್ಯವಾದ ನೀರೆಲ್ಲ ಕುಡಿಯಲು ಯೋಗ್ಯವೇ? ಬಣ್ಣ, ವಾಸನೆ, ರುಚಿ ಇವು ನಮ್ಮ ಕಣ್ಣು, ಮೂಗು, ನಾಲಿಗೆಗಳಿಗೆ ಸಿಗುವ ಗುರುತುಗಳು. ಈ ಮೂರನ್ನೂ ಬದಲಾಯಿಸದೆ ನೀರಿನೊಳಗೆ ಕುಳಿತು, ಮಗುವಿನ ಕಾಲಿನ ಶಕ್ತಿಯನ್ನೇ ಕಸಿದುಕೊಳ್ಳಬಲ್ಲ, ಗರ್ಭಿಣಿಯ ಪ್ರಾಣವನ್ನೇ ತೆಗೆಯಬಲ್ಲ ಒಂದು ಜಾತಿ ಇದೆ. ಅವೇ ಕರುಳಿನ ವೈರಸ್‌ಗಳು. ಅವುಗಳ ಮೇಲೆ ಕಾವಲು ಕಾಯುವುದು ಹೇಗೆ, ಆ ಕಾವಲಿನಲ್ಲಿ ಮನೆಯ ಹೆಂಗಸರ ಪಾತ್ರವೇನು ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಬಾಯಿಂದ ಕರುಳಿಗೆ, ಕರುಳಿನಿಂದ ಬಾಯಿಗೆ

ಪೋಲಿಯೊ, ರೋಟಾ, ನೋರೊ, ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಹೆಪಟೈಟಿಸ್ ಇ – ಇವೆಲ್ಲ ಒಂದೇ ದಾರಿಯಲ್ಲಿ ಸಾಗುವ ವೈರಸ್‌ಗಳು. ಬಾಯಿಯ ಮೂಲಕ ಒಳಗೆ ಹೋಗುತ್ತವೆ, ಹೊಟ್ಟೆಯೊಳಗೆ ಬೆಳೆಯುತ್ತವೆ, ಮಲದಲ್ಲಿ ಹೊರಬರುತ್ತವೆ. ಅಲ್ಲಿಂದ ತೊಳೆಯದ ಕೈ, ನೊಣ, ತರಕಾರಿ, ಚರಂಡಿ, ಬಾವಿ, ಒಡೆದ ಕೊಳಾಯಿ – ಯಾವುದಾದರೊಂದರ ಮೂಲಕ ಇನ್ನೊಬ್ಬರ ಬಾಯಿಗೆ ಸೇರುತ್ತವೆ.

ಇವುಗಳ ಗಾತ್ರವನ್ನು ಊಹಿಸಿಕೊಳ್ಳುವುದೂ ಕಷ್ಟ. ಒಂದು ಮಿಲಿಮೀಟರ್ ಜಾಗದಲ್ಲಿ ಸುಮಾರು 30 ಸಾವಿರಕ್ಕೂ ಹೆಚ್ಚು ಪೋಲಿಯೊ ವೈರಸ್‌ಗಳನ್ನು ಸಾಲಾಗಿ ನಿಲ್ಲಿಸಬಹುದು. ಮಸ್ಲಿನ್ ಬಟ್ಟೆಯಲ್ಲಿ ಸೋಸಿದರೆ ಇವು ನಿಲ್ಲುವುದಿಲ್ಲ. ಹಳೆಯ ಕ್ಯಾಂಡಲ್ ಫಿಲ್ಟರ್ ಕೂಡ ಬ್ಯಾಕ್ಟೀರಿಯಾಗಳನ್ನು ತಡೆದಷ್ಟು ಸುಲಭವಾಗಿ ಇವನ್ನು ತಡೆಯಲಾರದು.

ಇನ್ನೊಂದು ಅಪಾಯವೂ ಇದೆ. ಪೋಲಿಯೊ ವೈರಸ್ ತಗುಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಕಾಲಿನ ಸ್ವಾಧೀನ ತಪ್ಪುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ಏನೂ ಗೊತ್ತಾಗುವುದೇ ಇಲ್ಲ, ಕೆಲವರಿಗೆ ಒಂದೆರಡು ದಿನ ಜ್ವರ ಬಂದು ಹೋಗಬಹುದು. ಆದರೆ ಅವರೆಲ್ಲರೂ ಹಲವು ವಾರಗಳ ಕಾಲ ಮಲದಲ್ಲಿ ವೈರಸ್ಸನ್ನು ಹೊರಹಾಕುತ್ತಿರುತ್ತಾರೆ. ಅಂದರೆ ಒಂದು ಮಗು ಕುಂಟಿತೆಂದು ನಾವು ಗಮನಿಸುವ ಹೊತ್ತಿಗೆ ವೈರಸ್ ಇಡೀ ಬಡಾವಣೆಯನ್ನು ಸುತ್ತಿ ಬಂದಿರುತ್ತದೆ. ಆದ್ದರಿಂದ ರೋಗಿಯನ್ನು ನೋಡಿದ ಮೇಲೆ ಎಚ್ಚರಗೊಂಡರೆ ತಡವಾಗುತ್ತದೆ. ವೈರಸ್ಸನ್ನು ಹುಡುಕಿಕೊಂಡೇ ಹೋಗಬೇಕು. ಹಾಗೆ ಹುಡುಕುವ ಸ್ಥಳಗಳು ಎರಡು. ಒಂದು ಮನುಷ್ಯನ ಶರೀರ, ಇನ್ನೊಂದು ಚರಂಡಿ.

ಆ ಡಬ್ಬಿಯನ್ನು ಯಾಕೆ ತಿರಸ್ಕರಿಸಬಾರದು?

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿ ನಡೆದ ಘಟನೆ ಇದು. ನಾಲ್ಕು ವರ್ಷದ ಹುಡುಗನೊಬ್ಬ ಜ್ವರ ಬಂದು ಬಿಟ್ಟ ಮೇಲೆ ಒಂದು ಕಾಲನ್ನು ಎಳೆದುಕೊಂಡು ನಡೆಯತೊಡಗಿದ. ವೈದ್ಯರಿಗೆ ತೋರಿಸಿದ ಮರುದಿನ ಆರೋಗ್ಯ ಇಲಾಖೆಯವರು ಒಂದು ಪುಟ್ಟ ಡಬ್ಬಿ ಹಿಡಿದು ಮನೆಗೆ ಬಂದರು. ಮಗುವಿನ ಮಲದ ಮಾದರಿ ಬೇಕು, ಎರಡು ಸಲ ಕೊಡಬೇಕು ಎಂದರು. ಹುಡುಗನ ದಾದಿ ಕೆಂಡಾಮಂಡಲವಾದರು. "ಔಷಧಿ ಕೊಡಿ ಅಂದರೆ ಹೇಲು ಕೇಳ್ತಾರೆ! ನಮ್ಮ ಮನೆ ಮಾನ ಬೀದಿಗೆ ಬರುತ್ತೆ. ಪೋಲಿಯೊ ಮನೆ ಅಂತ ಹೆಸರು ಬಿದ್ದರೆ ನಾಳೆ ಹೆಣ್ಣು ಮಕ್ಕಳನ್ನು ಯಾರು ಕೇಳ್ತಾರೆ?" ಎಂದು ಬಾಗಿಲು ಹಾಕಿಬಿಟ್ಟರು.

ಹುಡುಗನ ತಾಯಿ ಅಳುತ್ತಾ ನನ್ನ ಬಳಿ ಬಂದಳು. ನನಗೂ ಆಗ ಇದರ ಪೂರ್ಣ ತಿಳುವಳಿಕೆ ಇರಲಿಲ್ಲ. ಆರೋಗ್ಯ ಕೇಂದ್ರಕ್ಕೆ ಹೋಗಿ ವಿಚಾರಿಸಿದೆ. ತಿಳಿದು ಬಂದ ವಿಷಯ ಇದು:

15 ವರ್ಷದೊಳಗಿನ ಯಾವ ಮಗುವಿಗೇ ಆಗಲಿ, ಹಠಾತ್ತನೆ ಕೈ ಅಥವಾ ಕಾಲು ಸಡಿಲವಾದರೆ ಅದು ಪೋಲಿಯೊ ಹೌದೋ ಅಲ್ಲವೋ ಎಂದು ಪರೀಕ್ಷಿಸಲೇಬೇಕು. ನರಕ್ಕೆ ಸಂಬಂಧಿಸಿದ ಬೇರೆ ಕಾಯಿಲೆಗಳಿಂದಲೂ ಹೀಗಾಗುವುದುಂಟು. ಹೊರನೋಟಕ್ಕೆ ಎಲ್ಲವೂ ಒಂದೇ ರೀತಿ. ಖಚಿತವಾಗಿ ಹೇಳಬಲ್ಲದ್ದು ಮಲದ ಪರೀಕ್ಷೆ ಮಾತ್ರ. ಲಕ್ಷಣ ಕಾಣಿಸಿದ 14 ದಿನಗಳೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ ಎರಡು ಮಾದರಿಗಳು ಬೇಕು. ಒಂದೊಂದೂ ಹೆಬ್ಬೆರಳಿನ ತುದಿಯಷ್ಟಿದ್ದರೆ ಸಾಕು. ಎರಡೇಕೆ ಎಂದರೆ, ವೈರಸ್ ಪ್ರತಿದಿನವೂ ಒಂದೇ ಪ್ರಮಾಣದಲ್ಲಿ ಹೊರಬರುವುದಿಲ್ಲ, ಒಂದು ದಿನ ತಪ್ಪಿಸಿಕೊಂಡದ್ದು ಮರುದಿನ ಸಿಗಬಹುದು. ಮಾದರಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ದೇಶದಲ್ಲಿ ಇಂತಹ 8 ಪೋಲಿಯೊ ಪ್ರಯೋಗಾಲಯಗಳಿವೆ. ಅವುಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲೇ ಇರುವ ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕ.

ಈ ವ್ಯವಸ್ಥೆ 1997ರಿಂದ ದೇಶದಾದ್ಯಂತ ನಡೆದುಕೊಂಡು ಬಂದಿದೆ. ಪೋಲಿಯೊ ಇಲ್ಲ ಎಂದು ಹೇಳಬೇಕಾದರೂ ಪರೀಕ್ಷೆ ಬೇಕು. ಹುಡುಕದೆ "ಇಲ್ಲ" ಎನ್ನುವುದು ಕಣ್ಣು ಮುಚ್ಚಿಕೊಂಡು ಕತ್ತಲೆ ಎಂದಂತೆ.

ಮರಳಿ ಹೋಗಿ ಆ ದಾದಿಯ ಬಳಿ ಕುಳಿತೆ. "ಖಾಲಾ, ಇದು ಮಾನದ ಪ್ರಶ್ನೆಯಲ್ಲ, ಸಾಕ್ಷ್ಯದ ಪ್ರಶ್ನೆ. ನಿಮ್ಮ ಮೊಮ್ಮಗನಿಗೆ ಪೋಲಿಯೊ ಅಲ್ಲ ಅಂತ ಹೇಳೋ ಸಾಕ್ಷಿ ಆ ಡಬ್ಬಿ ಮಾತ್ರ. ಅದನ್ನು ಮುಚ್ಚಿಟ್ಟರೆ ಅನುಮಾನ ಉಳೀತದೆ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗಲಿ, ಕೊಡು" ಎಂದು ಸೊಸೆಗೆ ಹೇಳಿದರು. ವರದಿಯಲ್ಲಿ ಪೋಲಿಯೊ ಇರಲಿಲ್ಲ. ಹುಡುಗ ನಿಧಾನಕ್ಕೆ ಚೇತರಿಸಿಕೊಂಡ. ಈಗ ಮದ್ರಸದ ಅಂಗಳದಲ್ಲಿ ಓಡುವುದನ್ನು ಕಂಡಾಗಲೆಲ್ಲ ಆ ಡಬ್ಬಿ ನೆನಪಾಗುತ್ತದೆ.

ಚರಂಡಿ ಹೇಳುವ ಸುದ್ದಿ

ಇನ್ನು ಎರಡನೆಯ ಕಾವಲು. ಕಾಯಿಲೆ ಬೀಳದವರ ಮಲದಲ್ಲೂ ವೈರಸ್ ಇರುತ್ತದೆ ಎಂದಮೇಲೆ, ಎಲ್ಲರ ಮನೆಯ ಕೊಳಚೆ ಸೇರುವ ಜಾಗದಲ್ಲಿ ನೋಡಿದರೆ ಸುದ್ದಿ ಬೇಗ ಸಿಗುತ್ತದೆ. ಭಾರತದಲ್ಲಿ ಪೋಲಿಯೊ ವೈರಸ್‌ಗಾಗಿ ಚರಂಡಿ ನೀರನ್ನು ಕ್ರಮಬದ್ಧವಾಗಿ ಪರೀಕ್ಷಿಸುವ ಕೆಲಸ 2001ರಲ್ಲಿ ಮುಂಬೈಯಲ್ಲಿ ಆರಂಭವಾಯಿತು. ಮುಂದೆ ದೆಹಲಿ, ಕೊಲ್ಕತ್ತಾ, ಪಾಟ್ನಾ ಮೊದಲಾದ ನಗರಗಳಿಗೂ ಹರಡಿತು.

ಕೆಲಸದ ರೀತಿ ಹೀಗಿದೆ. ಬೆಳಿಗ್ಗೆ ಜನ ಶೌಚಾಲಯ ಬಳಸುವ ಹೊತ್ತಿಗೆ, ಕೊಳಚೆ ಹೆಚ್ಚು ಹರಿಯುವ ಸಮಯ ನೋಡಿ ಸುಮಾರು ಒಂದು ಲೀಟರ್ ನೀರು ತೆಗೆಯುತ್ತಾರೆ. ಪ್ರಯೋಗಾಲಯದಲ್ಲಿ ಅದನ್ನು ಸಾಂದ್ರಗೊಳಿಸಿ ಕೆಲವೇ ಚಮಚಗಳಷ್ಟು ಮಾಡುತ್ತಾರೆ. ಆ ದ್ರವವನ್ನು ಗಾಜಿನ ನಳಿಕೆಗಳಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಹಾಕುತ್ತಾರೆ. ಪೋಲಿಯೊ ವೈರಸ್ ಇದ್ದರೆ ಕೆಲವು ದಿನಗಳಲ್ಲಿ ಆ ಜೀವಕೋಶಗಳು ಸಾಯತೊಡಗುತ್ತವೆ. ಬಳಿಕ ವೈರಸ್‌ನ ಅನುವಂಶಿಕ ಬರಹವನ್ನು ಓದಿ, ಅದು ಯಾವ ಬಗೆಯದು, ಎಲ್ಲಿಂದ ಬಂದಿರಬಹುದು ಎಂದು ಪತ್ತೆ ಹಚ್ಚುತ್ತಾರೆ.

ಇದರಿಂದ ಆಗುವ ಉಪಯೋಗ ತಿಳಿಯಬೇಕೆಂದರೆ ದೂರ ಹೋಗಬೇಕಾಗಿಲ್ಲ. ನಮ್ಮ ನೆರೆಯ ಹೈದರಾಬಾದನ್ನೇ ನೋಡಿ. 2016ರ ಮೇ ತಿಂಗಳಲ್ಲಿ ಅಲ್ಲಿ ತೆಗೆದ ಕೊಳಚೆ ನೀರಿನ ಮಾದರಿಯೊಂದರಲ್ಲಿ ಲಸಿಕೆಯ ವೈರಸ್‌ನಿಂದ ರೂಪಾಂತರಗೊಂಡ 2ನೇ ಬಗೆಯ ಪೋಲಿಯೊ ವೈರಸ್ ಸಿಕ್ಕಿತು. ಒಂದೇ ಒಂದು ಮಗುವಿಗೂ ಕಾಲಿನ ತೊಂದರೆ ಆಗಿರಲಿಲ್ಲ. ಆದರೂ ಅಧಿಕಾರಿಗಳು ಕಾಯಲಿಲ್ಲ. ಜೂನ್ ತಿಂಗಳಲ್ಲೇ ಹೈದರಾಬಾದ್ ಮತ್ತು ರಂಗಾರೆಡ್ಡಿ ಜಿಲ್ಲೆಗಳ ಆಯ್ದ ಪ್ರದೇಶಗಳಲ್ಲಿ 3 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಪೋಲಿಯೊ ಚುಚ್ಚುಮದ್ದು ನೀಡಲಾಯಿತು. ಮಗು ಬೀಳುವ ಮೊದಲೇ ಚರಂಡಿ ಎಚ್ಚರಿಸಿತು, ಜನ ಕೇಳಿಸಿಕೊಂಡರು.

ಗಾಝಾದ ಕಥೆ ಇನ್ನೂ ಮನ ಕಲಕುವಂಥದ್ದು. ಯುದ್ಧದಲ್ಲಿ ನೀರಿನ ಕೊಳವೆ, ಒಳಚರಂಡಿ, ಆಸ್ಪತ್ರೆ ಎಲ್ಲವೂ ಹಾಳಾದ ಮೇಲೆ ಕೊಳಚೆ ಡೇರೆಗಳ ನಡುವೆಯೇ ಹರಿಯತೊಡಗಿತು. 2024ರ ಜೂನ್‌ನಲ್ಲಿ ಖಾನ್ ಯೂನಿಸ್ ಮತ್ತು ದೈರುಲ್ ಬಲಹ್‌ನಿಂದ ತೆಗೆದ ಕೊಳಚೆಯಲ್ಲಿ ಪೋಲಿಯೊ ವೈರಸ್ ಇರುವುದು ಜುಲೈಯಲ್ಲಿ ಖಚಿತವಾಯಿತು. 10 ತಿಂಗಳ ಮಗುವೊಂದರ ಕಾಲು ಸ್ವಾಧೀನ ಕಳೆದುಕೊಂಡದ್ದು ಪೋಲಿಯೊದಿಂದಲೇ ಎಂದು ಆಗಸ್ಟ್‌ನಲ್ಲಿ ಖಚಿತವಾಯಿತು. 25 ವರ್ಷಗಳಲ್ಲಿ ಅಲ್ಲಿ ಕಂಡ ಮೊದಲ ಪ್ರಕರಣ ಅದು. ಸೆಪ್ಟೆಂಬರ್ 1ರಿಂದ ದಾಳಿಗಳನ್ನು ಪ್ರದೇಶವಾರು ಗಂಟೆಗಳ ಲೆಕ್ಕದಲ್ಲಿ ನಿಲ್ಲಿಸಿ, ಸುಮಾರು ಐದೂವರೆ ಲಕ್ಷ ಮಕ್ಕಳಿಗೆ ಹನಿ ಹಾಕಲಾಯಿತು. ಬಾಂಬುಗಳ ನಡುವೆ ಮಕ್ಕಳನ್ನು ಎತ್ತಿಕೊಂಡು ಸರತಿಯಲ್ಲಿ ನಿಂತ ಆ ತಾಯಂದಿರನ್ನು ನೆನೆಯಿರಿ. ನಮ್ಮ ಅಂಗನವಾಡಿ ಎಷ್ಟು ಹೆಜ್ಜೆ ದೂರವಿದೆ?

ಕೊರೋನಾ ಬಂದಾಗಲೂ ಇದೇ ಉಪಾಯ ನೆರವಾಯಿತು. ಆ ವೈರಸ್ ಉಸಿರಿನಿಂದ ಹರಡಿದರೂ ಮಲದಲ್ಲೂ ಅದರ ಗುರುತು ಸಿಗುತ್ತದೆ. ಬೆಂಗಳೂರಿನ ವಿಜ್ಞಾನಿಗಳು 2021ರಿಂದ ನಗರದ 28 ಕೊಳಚೆ ಶುದ್ಧೀಕರಣ ಘಟಕಗಳ ನೀರನ್ನು ಪರೀಕ್ಷಿಸಿ ಸೋಂಕಿನ ಏರಿಳಿತವನ್ನು ಗಮನಿಸಿದರು.

ಚರಂಡಿಯ ನೀರು ತೆಗೆಯುವಾಗ "ಯಾರ ಮನೆಯದು" ಎಂದು ಯಾರೂ ಕೇಳುವುದಿಲ್ಲ. ಆ ಒಂದು ಲೀಟರ್‌ನಲ್ಲಿ ಹಿಂದೂ, ಮುಸಲ್ಮಾನ, ಶ್ರೀಮಂತ, ಬಡವ ಎಲ್ಲರ ಮನೆಯ ಪಾಲೂ ಇರುತ್ತದೆ. ಅಲ್ಲಿ ಯಾವ ಮನೆಯ ಮಾನವೂ ಹೋಗುವುದಿಲ್ಲ, ಎಲ್ಲರ ಮಕ್ಕಳ ಕಾಲುಗಳು ಉಳಿಯುತ್ತವೆ.

ಎರಡು ಹನಿಗಳ ಬಗ್ಗೆ ಹಬ್ಬಿದ ಸುಳ್ಳು

ಕಂಡುಹಿಡಿದರೆ ಸಾಲದು, ತಡೆಯಬೇಕು. 1995ರಲ್ಲಿ ದೇಶದಾದ್ಯಂತ ಪಲ್ಸ್ ಪೋಲಿಯೊ ಆರಂಭವಾದಾಗ ನಾನಿನ್ನೂ ಓದುತ್ತಿದ್ದ ಹುಡುಗಿ. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಪುಕಾರು ಆ ವರ್ಷಗಳಲ್ಲಿ ಉತ್ತರ ಪ್ರದೇಶದಲ್ಲಿ ಬಲವಾಗಿ ಹಬ್ಬಿತ್ತು. ಪರಿಣಾಮವೇನಾಯಿತು? ಅಲ್ಲಿ ಪೋಲಿಯೊ ಬಡಿದ ಮಕ್ಕಳಲ್ಲಿ ನಮ್ಮ ಸಮುದಾಯದ ಮಕ್ಕಳ ಪಾಲು ಜನಸಂಖ್ಯೆಯ ಪಾಲಿಗಿಂತ ಬಹಳ ಹೆಚ್ಚಾಯಿತು. ಸುಳ್ಳು ಹಬ್ಬಿಸಿದವರಿಗೆ ಏನೂ ಆಗಲಿಲ್ಲ, ಮಕ್ಕಳ ಕಾಲು ಹೋಯಿತು. ಬಳಿಕ ಉಲಮಾಗಳು ಮುಂದೆ ಬಂದರು. ಮಸೀದಿಗಳಿಂದ ಎಲಾನ್ ಆಯಿತು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ, ಜಾಮಿಯಾ ಹಮ್ದರ್ದ್‌ಗಳು ಮನೆ ಮನೆಯ ಅನುಮಾನ ನಿವಾರಿಸಲು ಕೈಜೋಡಿಸಿದವು.

ನಮ್ಮ ರಾಜ್ಯವೂ ಸುರಕ್ಷಿತವಾಗಿರಲಿಲ್ಲ. 2003ರಲ್ಲಿ ಕರ್ನಾಟಕದಲ್ಲಿ 36 ಮಕ್ಕಳಿಗೆ ಪೋಲಿಯೊ ಬಂತು. 2009ರಲ್ಲಿ ದೇಶದಲ್ಲಿ 741 ಪ್ರಕರಣಗಳಿದ್ದು, ಜಗತ್ತಿನಲ್ಲೇ ಅತಿ ಹೆಚ್ಚು ನಮ್ಮಲ್ಲೇ ಇದ್ದವು. 2010ರಲ್ಲಿ ಅದು 42ಕ್ಕೆ ಇಳಿಯಿತು. 2011ರಲ್ಲಿ ಒಂದೇ ಒಂದು. ಅದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಬಡ ಮುಸ್ಲಿಂ ಮನೆಯೊಂದರ ಪುಟ್ಟ ಹೆಣ್ಣು ಮಗು. ಅಣ್ಣ ಅಕ್ಕಂದಿರಿಗೆ ಹನಿ ಹಾಕಿಸಿದ್ದ ಹೆತ್ತವರು, ಈ ಮಗು ಪದೇ ಪದೇ ಕಾಯಿಲೆ ಬೀಳುತ್ತದೆಂದು ಇದೊಂದಕ್ಕೆ ಮಾತ್ರ ಹಾಕಿಸಿರಲಿಲ್ಲ. ಆ ಮಗುವಿನ ನಂತರ ದೇಶದಲ್ಲಿ ಸಹಜ ಪೋಲಿಯೊ ವೈರಸ್‌ನಿಂದ ಯಾವ ಮಗುವೂ ಬೀಳಲಿಲ್ಲ. 2014ರ ಮಾರ್ಚ್ 27ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯವನ್ನು ವಿಶ್ವ ಆರೋಗ್ಯ ಸಂಸ್ಥೆ ಪೋಲಿಯೊ ಮುಕ್ತ ಎಂದು ಘೋಷಿಸಿತು.

ಹಾಗಾದರೆ ಈಗಲೂ ಹನಿ ಏಕೆ? ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನಗಳಲ್ಲಿ ಆ ವೈರಸ್ ಇನ್ನೂ ಪೂರ್ತಿಯಾಗಿ ತೊಲಗಿಲ್ಲ. ಪ್ರಯಾಣಿಕರ ಕರುಳಿನಲ್ಲಿ ಕುಳಿತು ವೈರಸ್ ಗಡಿ ದಾಟುತ್ತದೆ, ಅದಕ್ಕೆ ಪಾಸ್‌ಪೋರ್ಟ್ ಬೇಡ. ನಮ್ಮ ಹಜ್ ಯಾತ್ರಿಕರಿಗೆ ಹೊರಡುವ ಮೊದಲು ಪೋಲಿಯೊ ಹನಿ ಹಾಕುವುದು ಇದೇ ಕಾರಣಕ್ಕೆ. ಎಪ್ಪತ್ತರ ಹಿರಿಯರೇ ಬಾಯಿ ತೆರೆದು ಎರಡು ಹನಿ ಕುಡಿದು ಪವಿತ್ರ ಭೂಮಿಗೆ ಹೊರಡುವಾಗ, ಮನೆಯ ಮೊಮ್ಮಗನಿಗೆ ಬೇಡ ಎನ್ನುವುದು ಯಾವ ನ್ಯಾಯ?

ಒಂದು ಸತ್ಯವನ್ನು ಮುಚ್ಚಿಡದೆ ಹೇಳಬೇಕು. ಬಾಯಿಗೆ ಹಾಕುವ ಹನಿಯಲ್ಲಿರುವುದು ಶಕ್ತಿಗುಂದಿಸಿದ ಜೀವಂತ ವೈರಸ್. ಬಹಳ ಮಕ್ಕಳು ಲಸಿಕೆಯಿಲ್ಲದೆ ಉಳಿದ ಕಡೆ ಅದು ದೀರ್ಘಕಾಲ ಒಬ್ಬರಿಂದೊಬ್ಬರಿಗೆ ಹರಡುತ್ತಾ ಮತ್ತೆ ಶಕ್ತಿ ಪಡೆದುಕೊಳ್ಳಬಹುದು. ಗಾಝಾದಲ್ಲಿ ಕಂಡದ್ದೂ ಅಂಥದ್ದೇ. ಇದಕ್ಕೆ ಪರಿಹಾರ ಲಸಿಕೆ ಬಿಡುವುದಲ್ಲ, ಒಂದು ಮಗುವನ್ನೂ ಬಿಡದೆ ಹಾಕಿಸುವುದು. ಸರ್ಕಾರ 2016ರ ಏಪ್ರಿಲ್‌ನಲ್ಲಿ ಹನಿಯಿಂದ 2ನೇ ಬಗೆಯ ವೈರಸ್ಸನ್ನು ತೆಗೆದುಹಾಕಿತು. ಜೊತೆಗೆ ಜೀವವಿಲ್ಲದ ವೈರಸ್‌ನ ಚುಚ್ಚುಮದ್ದನ್ನೂ ಸೇರಿಸಿತು. ಹುಟ್ಟಿದಾಗ, 6, 10, 14ನೇ ವಾರಗಳಲ್ಲಿ ಮತ್ತು ಒಂದೂವರೆ ವರ್ಷದ ಸುಮಾರಿಗೆ ಹನಿ. 6ನೇ ವಾರ, 14ನೇ ವಾರ ಮತ್ತು 9ನೇ ತಿಂಗಳಲ್ಲಿ ಚುಚ್ಚುಮದ್ದು. ತಾಯಿ ಕಾರ್ಡನ್ನು ಇವತ್ತೇ ತೆಗೆದು ನೋಡಿ.

ಬೆಂಗಳೂರಿನ ಶಿಶುಗಳು ಕಲಿಸಿದ ಪಾಠ

ಪುಟ್ಟ ಮಕ್ಕಳಿಗೆ ವಾಂತಿಯೊಂದಿಗೆ ನೀರಿನಂಥ ಭೇದಿ ತರುವ ರೋಟಾ ವೈರಸ್ ಕೂಡ ಇದೇ ದಾರಿಯ ಪಯಣಿಗ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ನಗರದ ನವಜಾತ ಶಿಶುಗಳಲ್ಲಿ, ದೆಹಲಿಯಲ್ಲಿ ಎಂ.ಕೆ. ಭಾನ್ ಮತ್ತು ಸಂಗಡಿಗರು ಅಲ್ಲಿಯ ಶಿಶುಗಳಲ್ಲಿ, ಕಾಯಿಲೆ ತರದ ರೋಟಾ ವೈರಸ್‌ಗಳನ್ನು ಕಂಡುಹಿಡಿದರು. ಎರಡನ್ನೂ ಲಸಿಕೆಗಾಗಿ ಪರೀಕ್ಷಿಸಲಾಯಿತು. ದೆಹಲಿಯ ತಳಿ ಗೆದ್ದಿತು. ಅದರಿಂದ ತಯಾರಾದ ನಮ್ಮ ದೇಶದ್ದೇ ಲಸಿಕೆ 2016ರಲ್ಲಿ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿತು. ಕರ್ನಾಟಕದಲ್ಲಿ ರೋಟಾ ಲಸಿಕೆ 2019ರಲ್ಲಿ ಆರಂಭವಾಯಿತು. 6, 10, 14ನೇ ವಾರಗಳಲ್ಲಿ ಉಚಿತವಾಗಿ ಸಿಗುತ್ತದೆ.

ಆದರೂ ಭೇದಿಯಾದರೆ ಗಾಬರಿ ಬೇಡ, ಅಸಡ್ಡೆಯೂ ಬೇಡ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಚಮಚ ಚಮಚವಾಗಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಆಶಾ ಕಾರ್ಯಕರ್ತೆ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ. ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಗರ್ಭಿಣಿಗೆ ಕಾಮಾಲೆಯಾದರೆ

ಈ ಭಾಗವನ್ನು ದಯವಿಟ್ಟು ಮನೆಯ ಗಂಡಸರಿಗೂ ಓದಿ ಹೇಳಿ.

1955ರ ಕೊನೆಯಲ್ಲಿ ಯಮುನೆಯ ಹರಿವು ಬದಲಾಗಿ, ನಜಫ್‌ಗಢ ನಾಲೆಯ ಕೊಳಚೆ ದೆಹಲಿಗೆ ನೀರೆತ್ತುವ ವಜೀರಾಬಾದ್ ಕೇಂದ್ರದತ್ತ ಹಿಮ್ಮುಖವಾಗಿ ಹರಿಯಿತು. ಸಿಬ್ಬಂದಿ ಕ್ಲೋರಿನ್ ಹೆಚ್ಚಿಸಿದರು. ಟೈಫಾಯ್ಡ್‌ನಂತಹ ರೋಗಗಳು ಹಬ್ಬಲಿಲ್ಲ. ಆದರೆ ಕೆಲವೇ ವಾರಗಳಲ್ಲಿ ಸುಮಾರು 29 ಸಾವಿರ ಜನರಿಗೆ ಕಾಮಾಲೆ ಬಂತು. ಬ್ಯಾಕ್ಟೀರಿಯಾ ಸತ್ತರೂ ವೈರಸ್ ಉಳಿದಿತ್ತು.

1978ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಇಂಥದ್ದೇ ಕಾಮಾಲೆ ಸುಮಾರು 200 ಹಳ್ಳಿಗಳಿಗೆ ಹಬ್ಬಿತು. ಅಂದಾಜು 52 ಸಾವಿರ ಜನ ಕಾಯಿಲೆ ಬಿದ್ದು 1,700 ಮಂದಿ ತೀರಿಹೋದರು. ಅಲ್ಲಿಯ ವೈದ್ಯ ಡಾ. ಮುಹಮ್ಮದ್ ಸುಲ್ತಾನ್ ಖುರೂ ಇದು ಆಗ ಗೊತ್ತಿದ್ದ ಕಾಮಾಲೆಯಲ್ಲ, ಹೊಸದೊಂದು ಎಂದು ಗುರುತಿಸಿದರು. ಗರ್ಭಿಣಿಯರು ಹೆಚ್ಚಾಗಿ ಸಾಯುತ್ತಿದ್ದುದನ್ನು ಲೋಕಕ್ಕೆ ತಿಳಿಸಿದರು. ಅದಕ್ಕೆ ಮುಂದೆ ಹೆಪಟೈಟಿಸ್ ಇ ಎಂದು ಹೆಸರಾಯಿತು. ಇತರರಿಗೆ ಇದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಗುಣವಾಗುವ ಕಾಯಿಲೆ. ಆದರೆ ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ಐವರಲ್ಲಿ ಒಬ್ಬರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಮಂದಿ ಪ್ರಾಣ ಕಳೆದುಕೊಳ್ಳುತ್ತಾರೆ.

ಇದಕ್ಕೆ ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಲಸಿಕೆಯಿಲ್ಲ. ಗರ್ಭಿಣಿಯ ಲೋಟದ ನೀರು ಕುದಿಸಿದ್ದಾಗಿರುವುದೇ ಅವಳ ರಕ್ಷಣೆ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಸೊಪ್ಪಿನ ರಸ, ತಾಯತ ಎಂದು ದಿನ ಕಳೆಯದೆ ಅಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ದುಆ ಮಾಡೋಣ, ಆದರೆ ಗಾಡಿ ಹತ್ತಿದ ಮೇಲೆ ಮಾಡೋಣ.

ನಮ್ಮ ಅಂಗಳದ ಕಾವಲು

ಪ್ರಯೋಗಾಲಯ ಬೆಂಗಳೂರಿನಲ್ಲಿದೆ ನಿಜ, ಆದರೆ ಕಾವಲು ಮನೆಯಿಂದಲೇ ಆರಂಭವಾಗಬೇಕು.

ನೀರು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಡಿ. ಈ ವೈರಸ್‌ಗಳು ಉಳಿಯುವುದಿಲ್ಲ. ಆರಿದ ನೀರನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು, ಕೈ ಅದ್ದದೆ ಹಿಡಿಯಿರುವ ಸೌಟಿನಿಂದ ತೆಗೆಯಿರಿ. ನಾಣ್ಯ ಹಾಕಿ ತರುವ ಶುದ್ಧ ನೀರಿನ ಘಟಕದ ನೀರೂ ಕ್ಯಾನ್ ಕೊಳಕಾಗಿದ್ದರೆ ಶುದ್ಧವಲ್ಲ. ಕುದಿಸಲಾಗದಿದ್ದರೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಿರಿ. ನಲ್ಲಿ ನೀರಿನಲ್ಲಿ ಬ್ಲೀಚಿಂಗ್ ಪುಡಿಯ ಸಣ್ಣ ವಾಸನೆ ಬಂದರೆ ಮುಖ ಸಿಂಡರಿಸಿ ನಾಲೆ ನೀರು ತರಬೇಡಿ. ಆ ವಾಸನೆ ಕಾವಲುಗಾರ ಎಚ್ಚರವಾಗಿದ್ದಾನೆ ಎಂಬುದರ ಗುರುತು.

ಹಸುಗೂಸಿನ ಮಲಕ್ಕೆ ಏನೂ ದೋಷವಿಲ್ಲವೆಂದು ಅಂಗಳಕ್ಕೆ ಎಸೆಯುವ ರೂಢಿ ನಮ್ಮಲ್ಲಿದೆ. ವಾಸ್ತವವಾಗಿ ಪುಟ್ಟ ಮಕ್ಕಳ ಮಲದಲ್ಲೇ ಈ ವೈರಸ್‌ಗಳು ಹೆಚ್ಚು. ಅದನ್ನೂ ಶೌಚಾಲಯಕ್ಕೇ ಹಾಕಬೇಕು. ಇಸ್ತಿಂಜಾದ ನಂತರ, ಮಗುವನ್ನು ತೊಳೆಸಿದ ನಂತರ, ಹಿಟ್ಟು ಕಲಸುವ ಮೊದಲು, ಉಣಿಸುವ ಮೊದಲು ಸಾಬೂನು ಹಚ್ಚಿ ಉಜ್ಜಿ ಕೈ ತೊಳೆಯಬೇಕು. ಬರೀ ನೀರು ಹಾಕಿಕೊಂಡರೆ ಸಾಲದು. ಕೊರೋನಾ ಕಾಲದ ಸ್ಯಾನಿಟೈಸರ್ ನೋರೊ ವೈರಸ್‌ನ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಸಾಬೂನೇ ವಾಸಿ. ಮನೆಯಲ್ಲಿ ವಾಂತಿ-ಭೇದಿ ಆದವರು ಗುಣವಾಗಿ ಎರಡು ದಿನಗಳವರೆಗೆ ಮದುವೆಯ ಅಡುಗೆಗೆ, ಇಫ್ತಾರ್‌ನ ಶರಬತ್ತಿಗೆ ಕೈ ಹಾಕದಿರಲಿ.

ಇಂಗುಗುಂಡಿ ಕೊಳವೆಬಾವಿಯಿಂದ ಕನಿಷ್ಠ 50 ಅಡಿ ದೂರವಿರಲಿ. ನಲ್ಲಿಯ ಕೊಳವೆ ಚರಂಡಿಯನ್ನು ದಾಟುವ ಕಡೆ ಸೋರುತ್ತಿದ್ದರೆ ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ತಿಳಿಸಿ. ನೀರು ನಿಂತಾಗ ಆ ಒಡಕಿನಿಂದಲೇ ಕೊಳಚೆ ಕೊಳವೆಯೊಳಗೆ ನುಗ್ಗುತ್ತದೆ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಯ ಹೆಂಗಸರಿಗೇ ನೀರಿನ ಪರೀಕ್ಷೆಯ ಕಿಟ್ ಬಳಸಲು ಕಲಿಸುತ್ತಾರೆ. ನಮ್ಮ ಹೆಣ್ಣು ಮಕ್ಕಳೂ ಮುಂದೆ ಹೋಗಿ ಕಲಿಯಲಿ. ಸೀಸೆಯ ನೀರು ಕಪ್ಪಾದರೆ ಕೊಳಚೆ ಸೇರಿದೆ ಎಂದರ್ಥ. ಆದರೆ ಅದು ತೋರಿಸುವುದು ಬ್ಯಾಕ್ಟೀರಿಯಾವನ್ನು. ಕಪ್ಪಾಗದಿದ್ದರೂ ವೈರಸ್ ಇಲ್ಲವೆಂದು ಖಾತ್ರಿಯಿಲ್ಲ, ಕುದಿಸುವುದನ್ನು ಬಿಡಬೇಡಿ.

ನದಿಯ ಮೇಲ್ಭಾಗದಲ್ಲಿ ಕೂತವರು ಕೆಳಗಿನವರನ್ನು ನೆನೆಯಬೇಕು. ಬೆಳಗೊಳದ ದಂಡೆಯಲ್ಲಿ ನಾವು ಬಿಟ್ಟದ್ದು ಮುಂದೆ ಯಾರದೋ ಮಗುವಿನ ಲೋಟಕ್ಕೆ ಹೋಗುತ್ತದೆ. ನೀರಿನ ದಡದಲ್ಲಿ, ದಾರಿಯಲ್ಲಿ, ಜನ ಕೂರುವ ನೆರಳಿನಲ್ಲಿ ಮಲವಿಸರ್ಜನೆ ಮಾಡಬಾರದೆಂದು ನಮ್ಮ ಧರ್ಮ ಬಹಳ ಹಿಂದೆಯೇ ತಡೆದಿರುವುದು ವ್ಯರ್ಥವಲ್ಲ.

ಆ ಹುಡುಗಿಗೆ ಮರುದಿನ ನಾನು ಕೊಟ್ಟ ಉತ್ತರ ಇಷ್ಟೇ: "ಬೇಟಿ, ನಾಲೆಯ ನೀರಿನಲ್ಲಿ ವುಝೂ ಮಾಡು, ನಿನ್ನ ನಮಾಝ್ ಆಗುತ್ತದೆ. ಆದರೆ ಬಾಯಿ ಮುಕ್ಕಳಿಸಲು, ಕುಡಿಯಲು ಮನೆಯ ಕುದಿಸಿದ ನೀರನ್ನೇ ತೆಗೆದುಕೋ. ಪಾಕ್ ಅನ್ನೋದಕ್ಕೆ ಮೂರು ಗುರುತು ಸಾಕು. ಕುಡಿಯೋದಕ್ಕೆ ನಾಲ್ಕನೆಯದೂ ಬೇಕು. ಅದು ಎಚ್ಚರ."

ಅವಳು ಮನೆಗೆ ಹೋಗಿ ಅಮ್ಮಿಯ ಹತ್ತಿರ ತಪ್ಪೊಪ್ಪಿಕೊಂಡಳಂತೆ. ನೀವೂ ಇಂದು ರಾತ್ರಿ ಪಾತ್ರೆ ಒಲೆಯ ಮೇಲಿಡುವಾಗ, ತಾಯಿ ಕಾರ್ಡನ್ನೊಮ್ಮೆ ತೆರೆದು ನೋಡಿ. ಯಾವುದಾದರೂ ಸಾಲು ಖಾಲಿ ಉಳಿದಿದ್ದರೆ, ಮುಂದಿನ ಲಸಿಕೆ ದಿನ ಅಂಗನವಾಡಿಯ ಕಡೆ ಹೆಜ್ಜೆ ಹಾಕಿ.